ತಪ್ಪಿಲ್ಲದ ಮಹಜರು

ಕೋರ್ಟಿನಲ್ಲಿ ಜವಾನ ಕೆಲಸದಲ್ಲಿದ್ದ ನೀಲವ್ವ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಅಪರಾಧಶಾಸ್ತ್ರ ಓದಿದಳು. ಪದವಿಯ ಮೂರನೆಯ ವರ್ಷಕ್ಕೆ ಸೇರಲು ವಿಶ್ವವಿದ್ಯಾಲಯಕ್ಕೆ ಬಂದಳು. ಕುಲಸಚಿವರು ಅರ್ಜಿಯನ್ನು ಬದಿಗೆ ತಳ್ಳಿದರು.

“ಅಲ್ಲಿಯ ಓದೂ ಒಂದು ಓದೇ? ಮೊದಲ ವರ್ಷದಿಂದ ಆರಂಭಿಸಮ್ಮ.”

ಎರಡು ವರ್ಷದ ಶ್ರಮ ನೀರುಪಾಲಾಗುವುದರಲ್ಲಿತ್ತು. ನೀಲವ್ವ ಕಾಗದ ತೆಗೆದಳು. ನಡೆದದ್ದನ್ನೆಲ್ಲ ಅಲ್ಲಿಯೇ, ಪೊಲೀಸರು ಬರೆಯುವಂತೆ, ಮಹಜರಾಗಿ ಬರೆದಳು: ದಿನ, ಸಮಯ, ಸ್ಥಳ, ಆಡಿದ ಮಾತು. ಇಬ್ಬರು ಗುಮಾಸ್ತರಿಂದ ಸಾಕ್ಷಿ ಸಹಿ ಹಾಕಿಸಿದಳು.

“ತಪ್ಪಿದ್ದರೆ ತಿದ್ದಿರಿ, ಸಾಹೇಬರೇ.”

ಕುಲಸಚಿವರು ಕೆಂಪು ಪೆನ್ನು ಹಿಡಿದು ಮೂರು ಸಲ ಓದಿದರು. “ಒಂದೂ ತಪ್ಪಿಲ್ಲವಲ್ಲ!”

“ಹಾಗೆಂದು ಕೆಳಗೆ ಬರೆದುಕೊಡಿರಿ. ಅಲ್ಲಿಯ ಓದಿಗೆ ಸಾಕ್ಷಿಯೆಂದು ಅರ್ಜಿಗೆ ಲಗತ್ತಿಸುತ್ತೇನೆ.”

ಅವರು ನಕ್ಕರು, ಮೂರನೆಯ ವರ್ಷಕ್ಕೇ ಪ್ರವೇಶ ಕೊಟ್ಟರು. “ಬಲು ಜಾಣೆಯಮ್ಮ ನೀನು!”

“ಜಾಣತನವೆಲ್ಲ ಸಮುದಾಯ ಕಾಲೇಜಿನ ಇಮಾಮಸಾಬ ಮಾಸ್ತರರದು. ಒಂದೇ ಮಹಜರನ್ನು ನಲವತ್ತು ಸಲ ಬರೆಸಿದರು,” ಎಂದು ನೀಲವ್ವ ಆ ಕಾಲೇಜಿದ್ದ ದಿಕ್ಕಿಗೆ ಕೈಮುಗಿದಳು.

ಕುಲಸಚಿವರೂ ಎದ್ದು ನಿಂತು ಅದೇ ದಿಕ್ಕಿಗೆ ಕೈಮುಗಿದರು.