ದುಗ್ಗಮ್ಮ ಬೇಯಿಸಿದ ಮೂಳೆ

ಮತ್ತೆ ನಿಲ್ಲಿಸಿದಿರಾ! ಮೂರು ಸಲ ಶುರು ಮಾಡಿದೆ, ಮೂರು ಸಲವೂ ಅಡ್ಡ ಬಾಯಿ. ಒಬ್ಬಳಿಗೆ ನೀರು ಬೇಕು. ಇನ್ನೊಬ್ಬಳಿಗೆ ಹಿತ್ತಲಿಗೆ ಹೋಗಬೇಕು. ಮೂರನೆಯವಳಿಗೆ ರಾಣಿ ಎಲ್ಲಿ ಅಂತ ಈಗಲೇ ತಿಳಿಯಬೇಕು. ಸತ್ತುಹೋಗಿದ್ದಳು ಕಣೇ, ಅದಕ್ಕೇ ಕಥೆಯಲ್ಲಿ ಇಲ್ಲ. ಇನ್ನು ಬಾಯಿಗೆ ಬೀಗ ಹಾಕಿ, ಕಿವಿ ತೆರೆದು ಕೂತುಕೊಳ್ಳಿ.

ಹಾಲುಗುಡ್ಡ ಅಂತ ಒಂದು ಸೀಮೆ. ಅಲ್ಲೊಬ್ಬ ರಾಜ, ಬಸವಂತನಾಯಕ. ಅವನಿಗೆ ಒಬ್ಬಳೇ ಮಗಳು, ಹೊನ್ನಾಜಿ. ಆರು ವರ್ಷದ ಕೂಸು. ತಾಯಿಯಿಲ್ಲದ ಆ ಕೂಸಿಗೆ ಮೊದಲ ಅನ್ನ ತಿನ್ನಿಸಿದವಳು ಅರಮನೆಯ ಅಡುಗೆಯವಳು ದುಗ್ಗಮ್ಮ.

ದುಗ್ಗಮ್ಮನ ಕೈರುಚಿ ಎಂಥದ್ದು ಅಂತೀರಿ? ಅವಳು ಸಾರಿಗೆ ಒಗ್ಗರಣೆ ಹಾಕಿದರೆ ಬಾಗಿಲ ಕಾವಲಿನವರು ಈಟಿಯನ್ನು ಗೋಡೆಗೊರಗಿಸಿ ಮೂಗು ಎತ್ತುತ್ತಿದ್ದರು. ಅವಳ ಅಡುಗೆಮನೆಗೆ ಒಂದು ಕಟ್ಟು ಇತ್ತು. ಒಲೆಯ ಮೇಲೆ ಏರದೆ ಯಾವ ಪದಾರ್ಥವೂ ಅರಮನೆಯಲ್ಲಿ ಯಾರ ಬಾಯಿಗೂ ಹೋಗಬಾರದು. ಸೌತೆಕಾಯಿಯನ್ನೂ ಒಂದು ಕುದಿ ಬರಿಸದೆ ಬಡಿಸಿದವಳಲ್ಲ. ಬೆಂಕಿ ಮುಟ್ಟಿದ್ದೆಲ್ಲ ಒಳ್ಳೆಯದು ಅಂತ ಅವಳ ನಂಬಿಕೆ.

ಹೊನ್ನಾಜಿ ದಿನಕ್ಕೆ ಮೂರು ಸಲ ಅಡುಗೆಮನೆಗೆ ಓಡಿ ಬರುತ್ತಿದ್ದಳು. ಮಗುಚಿಟ್ಟ ಕೊಳಗದ ಮೇಲೆ ಕೂತು ಬಾಯಿ ತೆರೆಯುತ್ತಿದ್ದಳು.

"ಇವತ್ತೇನು ದುಗ್ಗಜ್ಜಿ?"

"ನಿನ್ನ ಮೂಗೇ ಹೇಳಲಿ ನನ್ನವ್ವ."

"ಹುರುಳಿ ಸಾರು!"

"ಅಬ್ಬಾ, ಕಳ್ಳಮೂಗೇ!" ಅಂತ ಒಂದು ತುತ್ತು. ಮತ್ತೊಂದು ತುತ್ತು. ತಟ್ಟೆ ಖಾಲಿ. ದುಗ್ಗಮ್ಮನಿಗೆ ಗಂಡನಿಲ್ಲ, ಮಕ್ಕಳಿಲ್ಲ. ಆ ಮೂರು ಹೊತ್ತೇ ಅವಳ ಬದುಕು.

ಹೀಗಿರುವಾಗ ಕುರಿಹಟ್ಟಿಯವರು ರಾಜನಿಗೆ ಒಂದು ನಾಯಿಮರಿಯನ್ನು ಕಾಣಿಕೆ ತಂದರು. ಕೆಂಚು ಬಣ್ಣ, ಉದ್ದ ಕಾಲು, ಸಣ್ಣ ಹೊಟ್ಟೆ. ಹೊನ್ನಾಜಿ ಅದನ್ನು ಎತ್ತಿಕೊಂಡವಳು ಇಳಿಸಲೇ ಇಲ್ಲ. ಕೆಂಚ ಅಂತ ಹೆಸರಿಟ್ಟಳು. ಸಾಕುವ ಕೆಲಸ ಅಡುಗೆಮನೆಯ ಪಾಲಿಗೆ ಬಂತು.

ಮೊದಲ ದಿನ ದುಗ್ಗಮ್ಮ ಅನ್ನಕ್ಕೆ ಸಾರು ಕಲಸಿ ಹಾಕಿದಳು. ಮರಿ ತಿಂದಿತು, ಅಂಗಳವೆಲ್ಲ ಭೇದಿ ಮಾಡಿತು. ಎರಡನೆಯ ದಿನ ತುಪ್ಪದಲ್ಲಿ ಹುರಿದ ಮಾಂಸ ಹಾಕಿದಳು. ಮರಿ ತಿಂದಿತು, ರಾಜನ ಜೋಡಿನ ಮೇಲೆ ಕಕ್ಕಿತು. ಮೂರನೆಯ ದಿನ ಬೆಣ್ಣೆಯಂತೆ ಮಿದಿದ ರಾಗಿಮುದ್ದೆ ಇಟ್ಟಳು. ಮರಿ ಮೂಸಿತು, ಬೆನ್ನು ತಿರುಗಿಸಿ ಮಲಗಿತು.

ಮೂವತ್ತು ವರ್ಷ ಎಲ್ಲರೂ ಕೈ ನೆಕ್ಕಿ ಹೊಗಳಿದ ಅಡುಗೆಗೆ ಒಂದು ಮೊಣಕಾಲುದ್ದದ ನಾಯಿಮರಿ ಬೆನ್ನು ತಿರುಗಿಸಿತು!

ಮರಿ ಸೊರಗಿತು. ಹೊನ್ನಾಜಿ ಅತ್ತಳು. ರಾಜ ಹಟ್ಟಿಗೆ ಆಳು ಕಳಿಸಿ, ಆ ಮರಿ ಹುಟ್ಟಿದ ಮನೆಯ ಹೆಣ್ಣು ಬೀರವ್ವನನ್ನು ಕರೆಸಿದ. ಎಳೇ ವಯಸ್ಸಿನವಳು. ಮಾತು ಕಡಿಮೆ, ನಗು ಜಾಸ್ತಿ.

"ಬುದ್ಧೀ, ಇದರ ಅವ್ವ ಏನು ತಿಂತಿದ್ದಳೋ ಅದೇ ಇದಕ್ಕೂ ಹಾಕ್ತೀನಿ" ಅಂದಳು.

ಹಿತ್ತಿಲಿನ ಹೊಂಗೆಮರದಡಿ ಒಂದು ಚಪ್ಪಟೆ ಕಲ್ಲು ಹಾಕಿಸಿಕೊಂಡಳು. ಬೆಳಿಗ್ಗೆ ಕೊಯ್ದ ಕುರಿಮಾಂಸವನ್ನು ಹಸಿಯಾಗಿಯೇ ಬೆರಳ ತುದಿಯಷ್ಟು ಚೂರು ಮಾಡಿದಳು. ಅದಕ್ಕೆ ಆ ಕುರಿಯದೇ ಚೂರೇ ಚೂರು ಈಲಿ, ಒಡೆದ ಒಂದು ಮೊಟ್ಟೆ, ಒಂದು ಸೌಟು ಮೊಸರು. ಉಪ್ಪಿಲ್ಲ, ಖಾರವಿಲ್ಲ, ಈರುಳ್ಳಿಯಂತೂ ಇಲ್ಲವೇ ಇಲ್ಲ. ಕಡೆಯಲ್ಲಿ ಅಗಿಯಲು ಕತ್ತಿನ ಎಳೆ ಮೂಳೆ, ಅದೂ ಹಸಿಯದೇ. ಅಗಿದು ಮುಗಿಸುವ ತನಕ ಮರಿಯ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ಆಮೇಲೆ ಕುದಿವ ನೀರು, ಬೂದಿ ಹಾಕಿ ಕಲ್ಲು ಉಜ್ಜುತ್ತಿದ್ದಳು. ಕೈಯನ್ನು ಮೂರು ಸಲ ತೊಳೆಯುತ್ತಿದ್ದಳು.

ಒಂದು ವಾರಕ್ಕೆ ಭೇದಿ ನಿಂತಿತು. ಎರಡು ವಾರಕ್ಕೆ ಮೈ ಮಿಂಚಿತು. ಮೂರು ವಾರಕ್ಕೆ ಕೆಂಚ ಹಿತ್ತಿಲಿನ ಗೋಡೆ ಹಾರಿದ.

ದುಗ್ಗಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದಳು.

"ಏನೇ ಬೀರವ್ವ, ನಿಮ್ಮ ಹಟ್ಟೀಲಿ ಒಲೆ ಇಲ್ವೇನೇ?"

"ಇದೆ ದೊಡ್ಡವ್ವ, ಮನುಷ್ಯರಿಗೆ."

"ಕೊಯ್ದು ಗುಡ್ಡೆ ಹಾಕೋದೂ ಒಂದು ಅಡುಗೇನಾ? ಅದನ್ನ ಕಾಗೇನೂ ಮಾಡುತ್ತೆ."

"ಹೌದು ದೊಡ್ಡವ್ವ, ಕಾಗೆ ಮರಿಗಳೂ ಚೆನ್ನಾಗೇ ಬೆಳೀತವೆ" ಅಂತ ಬೀರವ್ವ ನಕ್ಕಳು.

ಅವಳು ನಕ್ಕದ್ದನ್ನು ದುಗ್ಗಮ್ಮ ಸಹಿಸಿಕೊಂಡಾಳು. ಆದರೆ ಹೊನ್ನಾಜಿ? ಆ ಕೂಸು ಬೆಳಿಗ್ಗೆ ಎದ್ದರೆ ಹೊಂಗೆಮರ, ಮಧ್ಯಾಹ್ನ ಹೊಂಗೆಮರ, ಸಂಜೆ ಹೊಂಗೆಮರ. ಅವಳ ತಟ್ಟೆಯೂ ಅಲ್ಲಿಗೇ ಹೋಯಿತು. ಕೆಂಚ ತಿಂದ ಮೇಲೆ ಬೀರವ್ವ ಕೈ ತೊಳೆದುಕೊಂಡು ಹೊನ್ನಾಜಿಗೆ ತಿನ್ನಿಸುತ್ತಿದ್ದಳು. ಅದೇ ದುಗ್ಗಮ್ಮ ಬೇಯಿಸಿದ ಅನ್ನ, ಅದೇ ಸಾರು. ತುತ್ತು ಮಾತ್ರ ಬೀರವ್ವನ ಕೈಯದು!

ದುಗ್ಗಮ್ಮನ ಹೊಟ್ಟೆಯಲ್ಲಿ ಸೌದೆಯಿಲ್ಲದೆ ಬೆಂಕಿ ಹತ್ತಿತು. ಬೀರವ್ವನ ಬಳೆ ಸದ್ದಾದರೆ ಇವಳ ಕೈಯ ಸೌಟು ನೆಲಕ್ಕೆ ಬೀಳುತ್ತಿತ್ತು. ಕೂಸು ಅಲ್ಲಿ ನಕ್ಕರೆ ಇಲ್ಲಿ ಹಾಲು ಉಕ್ಕಿ ಒಲೆ ಆರುತ್ತಿತ್ತು. 'ಹೆತ್ತವಳಂತೆ ಸಾಕಿದವಳು ನಾನು. ನಿನ್ನೆ ಬಂದವಳು ಇವಳು. ಒಂದು ನಾಯಿಮರಿ ಹಿಡಿದುಕೊಂಡು ನನ್ನ ಕೂಸನ್ನು ಕಿತ್ತುಕೊಂಡಳಲ್ಲ!' ಅಂತ ಅವಳು ಕೊಬ್ಬರಿ ತುರಿಯುತ್ತಾ ಬೆರಳೂ ತುರಿದುಕೊಂಡಳು.

ಮೊದಲು ರಾಜನ ಕಿವಿಗೆ ಹೋದಳು.

"ಬುದ್ಧೀ, ಹಸಿ ರಕ್ತದ ರುಚಿ ಹತ್ತಿದ ನಾಯಿ ಮನೇಲಿರಬಾರದು. ಇವತ್ತು ಕುರಿ ತಿನ್ನುತ್ತೆ, ನಾಳೆ ಹೊನ್ನಾಜಿ ಅಮ್ಮಣ್ಣಿಯೋರ ಕೈಗೆ ಬಾಯಿ ಹಾಕುತ್ತೆ."

ರಾಜನಿಗೆ ಗಾಬರಿಯಾಯಿತು. ಹಿತ್ತಲಿಗೆ ಬಂದ. ಕೆಂಚ ಮೂಳೆ ಅಗಿಯುತ್ತಿದ್ದ. ಬೀರವ್ವ ಅವನ ಬಾಯಿಗೆ ಕೈ ಹಾಕಿ ಮೂಳೆ ತೆಗೆದಳು. ಕೆಂಚ ಕೂತು ಬಾಲ ಆಡಿಸಿದ. ತಿರುಗಿ ಕೊಟ್ಟಳು. ಮತ್ತೆ ತೆಗೆದಳು. ಹೀಗೆ ಮೂರು ಸಲ ತೆಗೆದರೂ ಕೆಂಚ ಗುರ್ ಅನ್ನಲಿಲ್ಲ.

"ನಮ್ಮ ಮಂತ್ರಿಯ ಮುಂದಿನ ತಟ್ಟೆ ಹೀಗೆ ತೆಗೆದು ನೋಡು, ಕೈ ಉಳಿಯಲ್ಲ" ಅಂತ ರಾಜ ನಕ್ಕು ಹೊರಟುಹೋದ.

ಎರಡನೆಯ ಸಲ ದುಗ್ಗಮ್ಮ ಮಾಂಸಕ್ಕೇ ಕೈ ಹಾಕಿದಳು. ಕಟುಕರ ಮನೆಯಿಂದ ಬರುವ ಮಾಂಸ ಅಡುಗೆಮನೆ ದಾಟಿಯೇ ಹಿತ್ತಲಿಗೆ ಹೋಗುತ್ತಿತ್ತು. ಅವಳು ಹೊಸ ಮಾಂಸ ಇಟ್ಟುಕೊಂಡು, ಮೂರು ದಿನದ ಹಳೆಯದಕ್ಕೆ ಹಸಿ ರಕ್ತ ಸವರಿ ಕಳಿಸಿದಳು. ಕಣ್ಣಿಗೆ ಕೆಂಪಗೆ ಕಂಡಿತು. ಬೀರವ್ವ ಒಂದು ಚೂರು ಮೂಸಿದಳು, ಬೆರಳಲ್ಲಿ ಒತ್ತಿದಳು. ಗುಂಡಿ ತೋಡಿ ಅಷ್ಟನ್ನೂ ಹೂತಳು.

"ದೊಡ್ಡವ್ವ, ಇದು ಯಾವತ್ತಿನದು?"

"ಇವತ್ತಿಂದೇ ಕಣೇ! ನಿನ್ನ ಮೂಗಿಗೇನು ರೋಗ?"

"ಹಾಗಾದ್ರೆ ಮೂಗಿಂದೇ ತಪ್ಪು ಬಿಡಿ. ನಾಳೆಯಿಂದ ಕಟುಕರ ಮನೆಗೆ ನಾನೇ ಹೋಗಿ ಬರ್ತೀನಿ."

ಜಗಳವಾಡಿದ್ದರೆ ದುಗ್ಗಮ್ಮನಿಗೆ ಸಮಾಧಾನವಾಗುತ್ತಿತ್ತು. ಜಗಳವೂ ಆಡಲಿಲ್ಲ ಮಾರಾಯ್ತಿ!

ಮೂರನೆಯ ಸಲ ಅವಳು ಬೇರೆ ದಾರಿ ಹಿಡಿದಳು. 'ನನ್ನ ಕೈಯಡುಗೆಯ ರುಚಿ ಈ ಮರಿಗೆ ಹತ್ತಿಸಿದರೆ ಆಯಿತು. ಹಸಿಯದನ್ನು ಆಮೇಲೆ ಮೂಸಿಯೂ ನೋಡಲ್ಲ. ಮರಿ ನನ್ನ ಬಾಗಿಲಿಗೆ ಬಂದರೆ ಕೂಸೂ ಹಿಂದೆಯೇ ಬರುತ್ತೆ. ಆ ಹಟ್ಟಿಯವಳು ಬಂದ ದಾರಿ ಹಿಡೀತಾಳೆ.'

ಮರುದಿನ ಬೀರವ್ವ ಕಟುಕರ ಮನೆಗೆ ಹೋದ ಹೊತ್ತು ನೋಡಿ ಮೂರು ಪಕ್ಕೆಮೂಳೆ ತೆಗೆದುಕೊಂಡಳು. ಮಸಾಲೆ ಅರೆದಳು. ಮೂಳೆ ಬೆಳ್ಳಗಾಗುವ ತನಕ ಕುದಿಸಿದಳು, ಕುದಿಸಿ ಬಾಣಲೆಯಲ್ಲಿ ಹುರಿದಳು. ಅಕ್ಕಿಯಲ್ಲಿ ಹರಳು ಎಷ್ಟು, ಬೇಳೆಗೆ ನೀರು ಎಷ್ಟು ಅಂತ ಬಲ್ಲ ಹೆಂಗಸಿಗೆ ಒಂದು ಮಾತ್ರ ಗೊತ್ತಿರಲಿಲ್ಲ. ಎಲ್ಲವನ್ನೂ ಮೆತ್ತಗೆ ಮಾಡುವ ಬೆಂಕಿ ಮೂಳೆಯನ್ನು ಗಾಜು ಮಾಡುತ್ತದೆ.

"ಬಾರೋ ಕೆಂಚ, ಬಾ ನನ್ನಪ್ಪ" ಅಂತ ಹಿತ್ತಿಲ ಬಾಗಿಲಲ್ಲಿ ಮೂಳೆ ಹಿಡಿದಳು.

ಘಮಲು ಹಾಗಿತ್ತು. ಕೆಂಚ ಕಚ್ಚಿಕೊಂಡು ಓಡಿದ. ಕಟಕ್ ಅಂದಿತು. ಮತ್ತೆ ಕಟಕ್ ಅಂದಿತು. ಮೂರನೆಯದಕ್ಕೆ ಕೆಂಚ ಕಿರುಚಿದ.

ಬಾಯಿಂದ ರಕ್ತ. ಮುಂಗಾಲಿಂದ ಮುಖ ಪರಚಿಕೊಳ್ಳುತ್ತಾ ಸುತ್ತು ಹೊಡೆಯುತ್ತಿದ್ದ. ಹೊನ್ನಾಜಿಯ ಕೂಗಿಗೆ ಇಡೀ ಅರಮನೆ ಹಿತ್ತಲಿಗೆ ಬಂತು. ರಾಜ ಬಂದ. ದುಗ್ಗಮ್ಮನ ನಾಲಿಗೆ ಎಲ್ಲರಿಗಿಂತ ಮುಂದೆ ಓಡಿತು.

"ನಾನು ಬಡ್ಕೊಂಡೆ ಬುದ್ಧೀ! ಹಸಿ ಮೂಳೆ ತಿನ್ನಿಸಿ ತಿನ್ನಿಸಿ ಮರೀನ ಕೊಂದಳು ಆ ಹಟ್ಟಿಯವಳು!"

ಅಷ್ಟರಲ್ಲಿ ಬೀರವ್ವ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ಕೆಂಚನನ್ನು ಮಂಡಿಯ ನಡುವೆ ಅವುಚಿಕೊಂಡು, ದವಡೆಗೆ ಸೌಟಿನ ಹಿಡಿ ಕೊಟ್ಟು, ಎರಡು ಬೆರಳು ಒಳಗೆ ಇಳಿಸಿದಳು. ಅಂಗುಳಿಗೆ ನಾಟಿದ್ದ ಬೆರಳುದ್ದದ ಒಂದು ಸಿಬಿರು ಹೊರಗೆ ಬಂತು. ಕೆಂಚ ಅವಳ ತೊಡೆಯ ಮೇಲೆ ತಲೆಯಿಟ್ಟು ಏದುಸಿರು ಬಿಟ್ಟ.

"ಮರಿ ಉಳೀತು. ಆದರೆ ನೀನು ಹೊತ್ತು ಮುಳುಗೋದರೊಳಗೆ ನನ್ನ ಸೀಮೆ ದಾಟಬೇಕು" ಅಂದ ರಾಜ.

"ದಾಟ್ತೀನಿ ಬುದ್ಧೀ. ಮೊದಲು ಇದನ್ನ ನೋಡಿ."

ಅವಳು ತಂದಿದ್ದ ಹಸಿ ಮೂಳೆಯನ್ನು ಕಲ್ಲಿನ ಮೇಲಿಟ್ಟು ಗುದ್ದಿದಳು. ಅದು ಜಜ್ಜಿಹೋಯಿತು, ಚೂರಾಗಲಿಲ್ಲ. ಬಾಯಿಂದ ತೆಗೆದ ಸಿಬಿರನ್ನು ಮುರಿದಳು. ಪಟಕ್ಕನೆ ಎರಡು ಸೂಜಿಯಾಯಿತು.

"ಇದು ಒಲೆ ನೋಡಿ ಬಂದ ಮೂಳೆ ಬುದ್ಧೀ. ನನ್ನ ಹತ್ತಿರ ಒಲೆ ಇಲ್ಲ."

ರಾಜ ತಿರುಗಿ ನೋಡಿದ. "ಯಾರು ಬೇಯಿಸಿದ್ದು?"

ಅಡುಗೆಮನೆಯ ಹೆಂಗಸರೆಲ್ಲ ನಾನಲ್ಲ ಅಂದರು. ದುಗ್ಗಮ್ಮನೂ ನಾನಲ್ಲ ಅಂದಳು.

ಬೀರವ್ವ ಸಿಬಿರನ್ನು ಮೂಗಿನ ಹತ್ತಿರ ಹಿಡಿದಳು. ಮುಖ ಸಿಂಡರಿಸಿದಳು.

"ದೊಡ್ಡವ್ವ ಅಂತೂ ಅಲ್ಲ ಬುದ್ಧೀ, ಅದು ಖಂಡಿತ. ಇದು ಯಾರೋ ಕೈಲಾಗದವಳ ಅಡುಗೆ. ಲವಂಗ ಸೀದುಹೋಗಿದೆ."

ದುಗ್ಗಮ್ಮ ತುಟಿ ಕಚ್ಚಿದಳು.

"ಧನಿಯ ಹುರಿದೇ ಇಲ್ಲ. ಹಸೀ ನಾತ."

ದುಗ್ಗಮ್ಮ ಸೆರಗಿನ ತುದಿ ಹಿಂಡಿದಳು.

"ಇನ್ನು ಉಪ್ಪು! ಥೂ, ಎರಡು ಮುಷ್ಟಿ ಸುರಿದಿದ್ದಾಳೆ. ಕೋಣವೂ ಮುಟ್ಟಲ್ಲ."

"ಯಾವಳೇ ಅವಳು ಎರಡು ಮುಷ್ಟಿ ಅಂದವಳು!" ದುಗ್ಗಮ್ಮ ಗುಡುಗಿದಳು. "ಒಂದು ಚಿಟಿಕೆ ಹಾಕಿದ್ದೆ, ಒಂದೇ ಚಿಟಿಕೆ! ಧನಿಯಾನ ಘಮ್ಮನ್ನೋ ಹಾಗೆ ಹುರಿದೇ ಅರೆದೆ! ಮೂವತ್ತು ವರ್ಷದಲ್ಲಿ ನನ್ನ ಕೈಯ ಲವಂಗ ಒಂದು ದಿನ..."

ಅಲ್ಲಿಗೆ ನಿಂತಳು.

ರಾಜ ಅವಳ ಸೊಂಟದಿಂದ ಉಗ್ರಾಣದ ಬೀಗದಕೈ ಬಿಚ್ಚಿಸಿದ. ಸೀಮೆ ದಾಟಿಸಲು ಹೊರಟಿದ್ದ. ಬೀರವ್ವ ಅಡ್ಡ ಬಂದು, "ಬೇಡಿ ಬುದ್ಧೀ, ದೊಡ್ಡವ್ವ ಹೋದರೆ ಅಮ್ಮಣ್ಣಿಯೋರ ಹೊಟ್ಟೆಗೇ ಕೇಡು" ಅಂದಳು. ಕೊನೆಗೆ ಇಷ್ಟು ತೀರ್ಮಾನವಾಯಿತು. ದುಗ್ಗಮ್ಮ ಒಲೆಯ ಮುಂದೆ ಇರಬಹುದು, ಯಜಮಾನಿಕೆ ಇಲ್ಲ. ದಿನ ಬೆಳಗಾದರೆ ಕೆಂಚನ ಮಾಂಸವನ್ನು ಬೀರವ್ವ ಹೇಳಿದ ಹಾಗೆ ಹಸಿಯಾಗಿ ಹೆಚ್ಚಿಕೊಡಬೇಕು, ಕಲ್ಲು ಉಜ್ಜಬೇಕು.

ಕೇಳಿದಿರೇನ್ರೇ? ಬೇಯಿಸಿದ ಮೂಳೆ ನಾಯಿಗೆ ಎಸೆದೀರಿ, ಜೋಕೆ. ಅದು ಚಿಕ್ಕ ಮಾತು. ದೊಡ್ಡ ಮಾತು ಇದು: ಹೊಟ್ಟೆಕಿಚ್ಚಿನಲ್ಲಿ ಬೇಯಿಸಿದ್ದು ಎಷ್ಟೇ ಘಮಘಮ ಅನ್ನಲಿ, ತಿಂದವರಿಗೂ ಕೇಡು, ಬೇಯಿಸಿದವರಿಗೂ ಕೇಡು. ಇನ್ನೊಬ್ಬರ ಹೆಸರು ಕೆಡಿಸಿ ನಮ್ಮ ಪ್ರೀತಿ ಉಳಿಸಿಕೊಳ್ಳಲು ಆಗುವುದಿಲ್ಲ.

ಮರುದಿನ ಬೆಳಿಗ್ಗೆ ದುಗ್ಗಮ್ಮ ಕುಕ್ಕರುಗಾಲಲ್ಲಿ ಕೂತು ಕಲ್ಲು ಉಜ್ಜುತ್ತಿದ್ದಳು. ಕೆಂಚ ದೂರದಲ್ಲಿ ಮಲಗಿ ಅವಳ ಕೈಯನ್ನೇ ನೋಡುತ್ತಿದ್ದ, ಹತ್ತಿರ ಬರಲಿಲ್ಲ. ಹೊನ್ನಾಜಿ ಬಂದು ಅವಳ ಎದುರಿಗೆ ಕೂತಳು. ಬೂದಿ ಮೆತ್ತಿದ ಆ ಕೈಯನ್ನು ಹಿಡಿದು ನಿಲ್ಲಿಸಿದಳು.

"ದುಗ್ಗಜ್ಜಿ, ನಾನು ನಿನಗೆ ಬೇಕಿದ್ದರೆ, ಇಷ್ಟು ದಿನದಲ್ಲಿ ಒಂದೇ ಒಂದು ಸಲ 'ಊಟಕ್ಕೆ ಬಾ' ಅಂತ ಯಾಕೆ ಕರೀಲಿಲ್ಲ?"