ಕೆಂಡದ ಕಿಂಡಿಯ ಲಗಮವ್ವ

ಬಹಳ ಬಹಳ ಹಿಂದೆ, ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ಲಗಮವ್ವ ಎಂಬ ಗೌಂಡಿ ಇದ್ದಳಂತೆ. ಹೆಂಗಸೊಬ್ಬಳು ಮನೆ ಕಟ್ಟುವುದುಂಟೇ ಎಂದು ಕೇಳಬೇಡಿ, ಕಟ್ಟುತ್ತಿದ್ದಳು. ಅವಳ ಗೋಡೆಯಲ್ಲಿ ಇರುವೆ ನುಸುಳುವಷ್ಟೂ ಸಂದಿ ಇರುತ್ತಿರಲಿಲ್ಲವಂತೆ. ದೇಸಾಯರು ವಾಡೆ ಕಟ್ಟಲು ಕರೆಕಳಿಸಿದರೆ, ‘ನಿಮಗ ಒಂದು ಮನಿ ಐತಲ್ಲರಿ, ಮನಿ ಇಲ್ಲದವರದು ಮೊದಲ ಮುಗಿಸ್ತೀನಿ’ ಎಂದು ಹೇಳಿ ಕಳಿಸಿದಳಂತೆ.

ಮನೆ ಇಲ್ಲದವರೆಂದರೆ ಹೊಳೆಯಂಚಿನ ಅಂಬಿಗರು. ಮಳೆಗಾಲದಲ್ಲಿ ಹೊಳೆ ಬಂದು ಅವರ ಜೊಂಡಿನ ಗುಡಿಸಲುಗಳನ್ನು ಒಯ್ಯುವುದು, ಅವರು ಮತ್ತೆ ಅಲ್ಲೇ ಕಟ್ಟುವುದು. ಒಂದು ವರ್ಷ ನೀರು ಮಲಗಿದ್ದ ಕೂಸುಗಳನ್ನೂ ಒಯ್ದಿತಂತೆ. ಅಂದಿನಿಂದ ಲಗಮವ್ವನಿಗೆ ನಿದ್ದೆ ಹತ್ತಲಿಲ್ಲ. ದಿಬ್ಬದ ಮೇಲೆ ಮಣ್ಣು ತುಳಿದು, ಗೋಡೆಗೆ ಗೋಡೆ ಹತ್ತಿಸಿ ಸಾಲಾಗಿ ಮನೆ ಕಟ್ಟಿದಳು. ಮುಂಜಾವಿನ ಮಂಜಿನಲ್ಲಿ ಆ ಮನೆಗಳು ನೆಲದ ಮೇಲೆ ನಿಂತಿವೆಯೋ, ಮೋಡದ ಮೇಲೆ ತೇಲುತ್ತಿವೆಯೋ ತಿಳಿಯುತ್ತಿರಲಿಲ್ಲವಂತೆ.

ಮನೆಗಳು ಮುಗಿದವು, ಯಾರೂ ಒಳಗೆ ಬರಲಿಲ್ಲ. ಅತ್ತ ಹೊಸ ಮಳೆಗೆ ಹೊಳೆಯ ನೀರು ಕೆಂಪಾಗತೊಡಗಿತ್ತು. ಅಂಬಿಗರ ಹಿರಿಯಳು ಕಣ್ಣಿಲ್ಲದ ಬಾಳವ್ವ. ಅವಳು ಏಳದೆ ಆ ಕೇರಿಯಲ್ಲಿ ಒಂದು ಗಡಿಗೆಯೂ ಏಳದು. ಲಗಮವ್ವ ಅವಳ ಕೈಹಿಡಿದು ದಿಬ್ಬಕ್ಕೆ ಕರೆತಂದಳು. ಕೇರಿಯ ಹೆಂಗಸರೂ ಹಿಂದೆ ಬಂದರು. ಮುದುಕಿ ಗೋಡೆಗಳನ್ನೆಲ್ಲ ತಡವಿ, ಒಲೆಯ ಮುಂದೆ ಕುಳಿತಳಂತೆ.

‘ಮನಿ ಚೆಂದ ಐತಿ, ಮಗಳ. ಮುಂಜಾನಿ ಕೆಂಡ ಎಲ್ಲಿಂದ ತರ್ಲಿ?’

‘ಬಾಜೂ ಮನಿಗೆ ಹೋಗಿ ಇಸ್ಕೊಂಡ ಬಾ, ಆಯಿ.’

‘ಕಣ್ಣಿಲ್ಲದಾಕಿ ಬೆಂಕಿ ಹಿಡಕೊಂಡು ನಿನ್ನ ಮನಿ ಸುತ್ತ ಹಾಕಲೇನ? ಗೋಡಿ ಕಟ್ಟಾಕ ಬರ್ತೈತಿ, ಒಲಿ ಹಚ್ಚಾಕ ಬರಂಗಿಲ್ಲೇನ ನಿನಗ?’

ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಕ್ಕರು.

ಆಗ ಕಡ್ಡಿಪೆಟ್ಟಿಗೆ ಇರಲಿಲ್ಲ. ಒಂದು ಒಲೆಯ ಕೆಂಡದಿಂದ ಇನ್ನೊಂದು ಒಲೆ ಹೊತ್ತಬೇಕು. ಗುಡಿಸಲಿನಲ್ಲಾದರೆ ಜೊಂಡಿನ ತಟ್ಟಿ ಸರಿಸಿ ಕೈ ಚಾಚಿದರೆ ಸಾಕು, ಪಕ್ಕದವಳು ಹಂಚಿನ ಚೂರಿನಲ್ಲಿ ಕೆಂಡ ಕೊಡುತ್ತಿದ್ದಳು. ಮುಂಜಾನೆ ಯಾರ ಕೈ ಬರಲಿಲ್ಲವೋ, ಅವರಿಗೇನೋ ಆಗಿದೆ ಎಂದು ಓಡಿಹೋಗುತ್ತಿದ್ದರು. ಇರುವೆಯೂ ನುಸುಳದ ಗೋಡೆಯಲ್ಲಿ ಆ ಕೈಗೆ ದಾರಿಯೆಲ್ಲಿ?

ಲಗಮವ್ವ ಎದ್ದು ಹೋದಳಂತೆ. ಹಾರೆ ತಂದಳು. ತಾನು ಕಟ್ಟಿದ ಗೋಡೆಯನ್ನು ತಾನೇ ಒಡೆಯುವಾಗ ಅವಳ ಕಣ್ಣಲ್ಲಿ ನೀರಿತ್ತು ಎನ್ನುವವರಿದ್ದಾರೆ. ಮಣ್ಣಿನ ದೂಳು, ಅಷ್ಟೇ ಎನ್ನುವವರೂ ಇದ್ದಾರೆ. ಒಲೆಯ ಮುಂದೆ ಕುಳಿತಲ್ಲೇ ಕೈ ಎಟಕುವಂತೆ ಮನೆಮನೆಗೂ ಕಿಂಡಿ ತೆರೆದಳು. ಬಾಳವ್ವ ಕೈ ಚಾಚಿದಳು. ಕೇರಿಯ ಹೆಣ್ಣೊಬ್ಬಳು ದಂಡೆಯಿಂದ ತಂದ ಕೆಂಡವನ್ನು ಆಚೆಯಿಂದ ನೀಡಿದಳು.

‘ಗಡಿಗಿ ಗಂಟು ಎಲ್ಲಾ ತರ್ರಿ’ ಎಂದಳಂತೆ ಮುದುಕಿ.

ಹೊಳೆ ಬಂತು. ದಂಡೆಯೆಲ್ಲ ನೀರಾಯಿತು. ದಿಬ್ಬದ ಮೇಲೆ ಒಂದು ಮನೆಯ ಹೊಗೆ ಇನ್ನೊಂದು ಮನೆಯ ಹೊಗೆಯನ್ನು ಕೂಡಿ, ನೀರಿನ ಮೇಲೆ ನೀಲಿ ಸೀರೆ ಹರವಿದಂತೆ ಕಾಣುತ್ತಿತ್ತಂತೆ. ಒಂದು ಕೂಸೂ ಹೋಗಲಿಲ್ಲ.

ಈಗ ಎಲ್ಲರಲ್ಲೂ ಗ್ಯಾಸ್ ಒಲೆ. ಆದರೂ ಆ ಊರಲ್ಲಿ ಹೊಸ ಮನೆ ಹೊಕ್ಕವರು ತಾವೇ ಒಲೆ ಹಚ್ಚುವುದಿಲ್ಲ. ಪಕ್ಕದವರು ಬೆಂಕಿ ಕೊಡುವ ತನಕ ಕಾಯುತ್ತಾರೆ. ಕೊಡುವಾಕೆ, ‘ಲಗಮವ್ವ ಕೊಟ್ಟಾಳ, ತಗೋ’ ಎನ್ನುತ್ತಾಳೆ. ಜಗಳವಾಡಿ ಮಾತು ಬಿಟ್ಟ ಓರಗಿತ್ತಿಯರೂ ಅಂದು ಅಷ್ಟು ಮಾತಾಡಲೇಬೇಕು.