ತೂಗುವ ಹನಿ

ಶಿಷ್ಯ ಕೇಳಿದ: “ಗುರುಗಳೇ, ಮನುಷ್ಯನ ವಿದ್ಯೆ ಇಷ್ಟು ಬೆಳೆದಿದೆ. ಸೃಷ್ಟಿಸುವುದೂ ಇನ್ನು ಅವನ ಕೈಯಲ್ಲೇ ಇದೆ ಎನ್ನಬಹುದಲ್ಲವೇ?”

ಗುರುಗಳು ಹೇಳಿದರು:

ಒಬ್ಬ ಹೂವಾಡಗಿತ್ತಿ ಇದ್ದಳು. ಕುದಿಯುವ ನೀರು ಬಿದ್ದು ಅವಳ ತಲೆ ಸುಟ್ಟಿತ್ತು. ಗಾಯ ಮಾಯಿತು, ಕೂದಲು ಮರಳಿ ಬರಲಿಲ್ಲ. ದಿನವಿಡೀ ಮಲ್ಲಿಗೆ ಕಟ್ಟುವಳು. ತಾನು ಮಾತ್ರ ಒಂದು ಎಳೆಯನ್ನೂ ಮುಡಿಯುವಂತಿರಲಿಲ್ಲ. ಕಿವಿಯ ಹಿಂದೆ ಒಂದಿಷ್ಟು ಕೂದಲು ಉಳಿದಿತ್ತು, ಅಷ್ಟೇ.

ಅವಳು ಚರ್ಮವನ್ನು ಬೆಳೆಸುವ ವಿದ್ಯೆ ಬಲ್ಲ ಒಬ್ಬ ವೈದ್ಯೆಯ ಬಳಿ ಹೋದಳು. ವೈದ್ಯೆ ಕಿವಿಯ ಹಿಂದಿನ ಕೂದಲಲ್ಲಿ ಅರ್ಧವನ್ನು ಬೇರುಸಹಿತ ತೆಗೆದಳು. ಬೇರಿನ ತುದಿಯ ಜೀವಕೋಶಗಳನ್ನು ಬಿಡಿಸಿ, ಗಾಜಿನ ತಟ್ಟೆಯಲ್ಲಿ ಆಹಾರ ಕೊಟ್ಟು ಸಾಕಿದಳು. ಅವು ಹರಡಿಕೊಂಡು ಲಕ್ಷಗಟ್ಟಲೆಯಾದವು. ಅವನ್ನು ಸುಟ್ಟ ಚರ್ಮದೊಳಗೆ ಇಟ್ಟಳು. ಆರು ತಿಂಗಳು ಕಾದರೂ ಒಂದು ಕೂದಲೂ ಹುಟ್ಟಲಿಲ್ಲ. ಜೀವಕೋಶಗಳು ಸತ್ತಿರಲಿಲ್ಲ; ತಮ್ಮ ಕೆಲಸವನ್ನು ಮರೆತಿದ್ದವು.

ಉಳಿದ ಕೂದಲನ್ನೂ ಕೇಳಲು ವೈದ್ಯೆ ಹಿಂಜರಿದಳು.

“ತಗೊಳ್ಳಿ ತಾಯಿ,” ಎಂದಳು ಹೂವಾಡಗಿತ್ತಿ. “ಇವೂ ಹೋದರೆ ಬಾಚಣಿಗೆಯ ಕಾಟವೂ ತಪ್ಪಿತು. ಆದರೆ ಮೊದಲು ಆ ತಟ್ಟೆ ತೋರಿಸಿ.” ಸೂಕ್ಷ್ಮದರ್ಶಕದಲ್ಲಿ ಇಣುಕಿದವಳು ನಕ್ಕಳು. “ಇದೇನು, ಬಿಡಿ ಹೂವಿನ ಹಾಗೆ ಹರವಿಟ್ಟಿದ್ದೀರಲ್ಲ! ಕಟ್ಟದೆ ಇದ್ದರೆ ಮುಡಿಯುವುದು ಹೇಗೆ?”

ವೈದ್ಯೆ ಉಳಿದ ಕೂದಲನ್ನೂ ತೆಗೆದು, ಬೇರಿನ ಜೀವಕೋಶಗಳನ್ನು ಮತ್ತೆ ಸಾಕಿದಳು. ಈ ಸಲ ಜೀವಕೋಶಗಳನ್ನು ತಟ್ಟೆಯ ಮುಚ್ಚಳದ ಮೇಲೆ ಹನಿ ಹನಿಯಾಗಿ ಇಟ್ಟು, ಮುಚ್ಚಳವನ್ನು ಮೆಲ್ಲನೆ ತಿರುವಿ ಹಾಕಿದಳು. ಹನಿಗಳು ಬೀಳದೆ ತೂಗಿದವು. ಪ್ರತಿ ಹನಿಯ ತಳಕ್ಕೆ ಜೀವಕೋಶಗಳು ಇಳಿದವು, ಒಂದನ್ನೊಂದು ತಾಕಿದವು, ಸಾಸಿವೆಗಿಂತ ಸಣ್ಣ ಉಂಡೆಯಾದವು. ಆ ಉಂಡೆಗಳನ್ನು ಚರ್ಮದೊಳಗೆ ಇಟ್ಟಳು.

ಹದಿನೇಳನೆಯ ವಾರ ಭೂತಗನ್ನಡಿ ಹಿಡಿದು ನೋಡಿದಳು. ಸುಟ್ಟ ಕಲೆಯ ನಡುವೆ ಒಂದು ಕೂದಲು ನಿಂತಿತ್ತು. ಅದಕ್ಕೆ ಬೇರಿತ್ತು, ಬಣ್ಣವಿತ್ತು, ತನ್ನದೇ ಒಂದು ಬಾಗು ಇತ್ತು. ಪಕ್ಕದಲ್ಲಿ ಇನ್ನೊಂದು ತಲೆ ಎತ್ತುತ್ತಿತ್ತು. ಹೂವಾಡಗಿತ್ತಿ ಅದನ್ನು ಬೆರಳ ತುದಿಯಿಂದ ಮುಟ್ಟಿ ಮುಟ್ಟಿ ಅತ್ತಳು.

“ಇದನ್ನು ನೀವೇ ಮಾಡಿದಿರಾ ತಾಯಿ?”

“ಇಲ್ಲಮ್ಮ. ನಾನು ಅವನ್ನು ಒಂದೆಡೆ ಕೂಡಿಸಿದೆ. ಕೂದಲು ಮಾಡುವುದು ಹೇಗೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವಕ್ಕೆ ಗೊತ್ತು.”

ಶಿಷ್ಯ ಕೇಳಿದ: “ಹಾಗಾದರೆ ಅವಕ್ಕೆ ಕಲಿಸಿದವರು ಯಾರು?”

ಗುರುಗಳು ಹೇಳಿದರು: “ನಿನ್ನೆ ಬೋಳಿಸಿಕೊಂಡ ನಿನ್ನ ತಲೆಯ ಮೇಲೆ ಕೈಯಾಡಿಸಿ, ಅಲ್ಲಿಯೇ ಕೇಳು.”

ಆಗಲೇ ಮೊಳೆತ ಕೂದಲು ಅಂಗೈಗೆ ಚುಚ್ಚಿತು; ಶಿಷ್ಯನ ಕೈ ತಲೆಯ ಮೇಲೆಯೇ ನಿಂತಿತು.